ಸಾಸಿವೆ ಹಾಯುವ ಪ್ಲೇಟು

ಕಳೆದ ವಾರ ಸಕಲೇಶಪುರದಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಬ್ಯಾಗ್ ರಿಪೇರಿ ಅಂಗಡಿಯೊಂದರಲ್ಲಿ ನನ್ನ ಕೈಚೀಲದ ತೊಗಲಿನ ಪಟ್ಟಿ ಹೊಲಿಸಲು ನಿಂತಿದ್ದೆ. ಅಂಗಡಿಯವನು ಪಟ್ಟಿಯನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ, ಮಷೀನಿನ ಸೂಜಿಯ ಕೆಳಗಿದ್ದ ಉಕ್ಕಿನ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿದ. ಅದನ್ನು ತೆಗೆದಿಟ್ಟು ಡ್ರಾಯರಿನಿಂದ ಇನ್ನೊಂದು ಪ್ಲೇಟು ಹುಡುಕಿ ಕೂರಿಸತೊಡಗಿದ. ತೆರೆದುಕೊಂಡಿದ್ದ ಮಷೀನಿನ ಹೊಟ್ಟೆಯಿಂದ ಒಂದು ವಾಸನೆ ಎದ್ದು ಬಂತು. ಹಳೆಯ ಎಣ್ಣೆ, ನೂಲಿನ ಧೂಳು, ಅವೆರಡರ ಮೇಲೆ ತೊಗಲಿನದು... ಆ ವಾಸನೆಗೆ ನನಗೆ ಥಟ್ಟನೆ ನೆನಪಾದದ್ದು ಆಲೂಗೆಡ್ಡೆ, ಒಗ್ಗರಣೆ ಡಬ್ಬಿ ಮತ್ತು ಟೈಲರ್ ಅತ್ತೆ.

ಅವರು ನನಗೆ ಸಂಬಂಧದಲ್ಲಿ ಅತ್ತೆ ಅಲ್ಲ. ವನಗೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಗುಡ್ಡದ ಆ ಏರಿನಲ್ಲಿದ್ದ ಎಲ್ಲರಿಗೂ ಅವರು ಟೈಲರ್ ಅತ್ತೆ, ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಿಗೂ. ಎಸ್ಟೇಟಿನ ಕೂಲಿ ಲೈನಿನ ಹೆಂಗಸರ ರವಿಕೆ, ಮಕ್ಕಳ ಯೂನಿಫಾರಂ, ಮಾಲೀಕರ ದೊಡ್ಡಮನೆಯ ಕಿಟಕಿಯ ಪರದೆ ಎಲ್ಲವೂ ಅವರ ಕಾಲ್ಮಷೀನಿನ ಮೇಲೆಯೇ ಆಗಬೇಕಿತ್ತು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿದ್ದದ್ದು ಅವರು, ಮಷೀನು ಮತ್ತು ಒಂದು ಕಂದು ನಾಯಿ. ಬೆಳಿಗ್ಗೆ ಆಳುಗಳು ತೋಟಕ್ಕೆ ಹೊರಟರೆ ಆ ನಾಯಿ ಅವರ ಹಿಂದೆಯೇ ಹೋಗಿ, ಯಾರು ಕೆಲಸಕ್ಕೆ ಕೈ ಹಚ್ಚಿದರು, ಯಾರು ಎಲೆಯಡಿಕೆ ಬಿಚ್ಚಿಕೊಂಡು ಕೂತರು ಎಂದು ನೋಡಿ ಬರುತ್ತಿತ್ತು. ಅದಕ್ಕೇ ಅದರ ಹೆಸರು ಮೇಸ್ತ್ರಿ. ಆಳುಗಳ ಕೆಲಸ ನೋಡಿಕೊಳ್ಳುವ ಎಸ್ಟೇಟಿನ ನಿಜವಾದ ಮೇಸ್ತ್ರಿ ಇದರಿಂದ ಬೇಸರಪಟ್ಟು ಆ ವರ್ಷದ ಹಬ್ಬದ ಅಂಗಿಯನ್ನು ಬಾಳ್ಳುಪೇಟೆಯಲ್ಲಿ ಹೊಲಿಸಿಕೊಂಡರು. ನಾಯಿಯನ್ನು ‘ಅದು’ ಎಂದರೆ ಅತ್ತೆಗೆ ಆಗುತ್ತಿರಲಿಲ್ಲ. ಆದ್ದರಿಂದ ಇಲ್ಲಿಂದ ಮುಂದೆ ನಾನೂ ‘ಅವನು’ ಎಂದೇ ಬರೆಯುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಡಿಗ್ರಿ ಮುಗಿಸಿ, ಹಾಕಿದ ಅರ್ಜಿಗಳಿಗೆ ಉತ್ತರ ಕಾಯುತ್ತ ಮನೆಯಲ್ಲಿದ್ದೆ. ಮಳೆ ಎಷ್ಟು ಇಂಚು ಎಷ್ಟು ಸೆಂಟು ಬಂತು, ಬಸ್ಸು ಎಷ್ಟು ತಡ, ಹಾಲು ಎಷ್ಟು ಕುಪ್ಪಿ, ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಅತ್ತೆಗೆ ಇದು ಕೆಲಸಕ್ಕೆ ಬಾರದ ಕೆಲಸವೆಂದು ಖಾತ್ರಿಯಿತ್ತು. ಆದರೂ ಮಧ್ಯಾಹ್ನಗಳನ್ನು ನಾನು ಅವರ ಮಷೀನಿನ ಪಕ್ಕದ ಸ್ಟೂಲಿನ ಮೇಲೆಯೇ ಕಳೆಯುತ್ತಿದ್ದೆ.

ಕಾಫಿ ಕೊಯ್ಲು ಮುಗಿದು ಮೆಣಸು ಒಣಗುತ್ತಿದ್ದಾಗ ಆ ಏರಿಗೆ ಚಿರತೆ ಬರತೊಡಗಿತು. ನಮ್ಮೆದುರು ಮನೆಯ ಜೀಪಿನಣ್ಣನ ನಾಯಿಯನ್ನು ಶೆಡ್ಡಿನಿಂದಲೇ ಎತ್ತಿಕೊಂಡು ಹೋಯಿತು. ಆಮೇಲೆ ಲೈನಿನದೊಂದು ಹೋಯಿತು. ಚಿರತೆ ನಾಯಿಯ ಕೊರಳಿಗೇ ಬಾಯಿ ಹಾಕುವುದರಿಂದ ನಮ್ಮ ಕಡೆ ನಾಯಿಗಳಿಗೆ ಮೊಳೆಯ ಪಟ್ಟಿ ಕಟ್ಟುವುದು ರೂಢಿ. ಎರಡು ಪದರದ ಅಗಲ ತೊಗಲು, ಒಳಗಿನಿಂದ ಹೊರಕ್ಕೆ ಚಾಚಿದ ಮೊಳೆಗಳು. ಬಿಸಿಲೆ ಕಡೆಯ ಒಬ್ಬ ತಾತ ಅವನ್ನು ಕೈಯಲ್ಲೇ ಹೊಲಿದು ಕೊಡುತ್ತಿದ್ದರು. ಅವರು ಕಣ್ಣು ಮಂಜಾಗಿ ಕೆಲಸ ನಿಲ್ಲಿಸಿಬಿಟ್ಟಿದ್ದರು. ಜೀಪಿನಣ್ಣ ಪೇಟೆಯಿಂದ ಒಂದು ಕೆಂಪು ಪಟ್ಟಿ ತಂದುಕೊಟ್ಟ. ಬೆರಳಗಲದ್ದು, ಒಂದು ಗೆಜ್ಜೆ ಬೇರೆ.

ಅತ್ತೆ ಅದನ್ನು ಒಮ್ಮೆ ಅಲ್ಲಾಡಿಸಿ ನೋಡಿ ವಾಪಸ್ಸು ಕೊಟ್ಟರು. “ಇದು ಚಿರ್ತೆಗೆ ಊಟದ ಗಂಟೆ ಹೊಡ್ದಂಗೆ ಆಗ್ತೈತೆ ಕಣಪ್ಪ.”

“ಹಂಗಾರೆ ಒಳೀಕೆ ಕೂಡಾಕಿ ಅಕ್ಕ,” ಎಂದ ಜೀಪಿನಣ್ಣ. ಅತ್ತೆಯನ್ನು ಅಕ್ಕ ಎನ್ನುತ್ತಿದ್ದವನು ಅವನೊಬ್ಬನೇ.

“ಮೊನ್ನೆ ಕೂಡಾಕಿದ್ದೆ. ಬೆಳಗಾನ ಊಳಿಟ್ಟು, ಎಸ್ಟೇಟ್ ರೈಟರಮ್ಮನ ರವಿಕೆ ತೋಳು ತಿಂದ್ಬುಟ್ಟ. ಒಂದೇ ತೋಳು. ಎರಡೂ ತಿಂದಿದ್ರೆ ತೋಳಿಲ್ದಿರೋ ಫ್ಯಾಷನ್ ಅಂತ ಕೊಡ್ಬೋದಿತ್ತು.”

ಅಷ್ಟು ಹೇಳಿ ಅವರು ಜಗಲಿಯ ಮೇಲೆ ಮಲಗಿದ್ದ ಮೇಸ್ತ್ರಿಯ ಕಡೆ ತಿರುಗಿದರು. ಆಮೇಲೆ ಕೊರಳಿಗೆ ಹಾಕಿಕೊಂಡಿದ್ದ ಟೇಪನ್ನು ತೆಗೆದರು. “ಊರೋರ ಮೈಗೆಲ್ಲ ಹೊಲ್ದಿವ್ನಿ. ಇವನೊಬ್ಬನ್ನ ಉಳಿಸ್ಕಳಾಕೆ ಆಗಕಿಲ್ವಾ? ಬರ್ಕಳೆ. ಕೊರಳು ಹದಿನೇಳು. ಎರಡಿಂಚು ಒಳಗೆ ಬುಡನ, ಬೆಳೆಯೋ ಮೈ.”

“ಅತ್ತೆ, ಅವನಿಗೆ ಆಗಲೇ ಆರು ವರ್ಷ.”

“ದಪ್ಪ ಆಗಲ್ವಾ? ನಿಮ್ಮವ್ವ ಆಗ್ಲಿಲ್ವಾ?”

ತೊಗಲು ದೊಡ್ಡಮನೆಯಿಂದ ಬಂತು. ಅಲ್ಲಿನ ಕೋವಿಯ ಹಳೆಯ ಚೀಲ. ಆ ಕೋವಿ ಮಂಗಗಳನ್ನು ಹೆದರಿಸಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲವಾದ್ದರಿಂದ ಚೀಲ ಗಟ್ಟಿಮುಟ್ಟಾಗಿಯೇ ಇತ್ತು. ಅತ್ತೆ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ಬಿಸಿಲಿಗೆ ಹಾಕಿದರು. ಮೆತ್ತಗಾದ ಮೇಲೆ ಎರಡು ಪಟ್ಟಿ ಕತ್ತರಿಸಿದರು. ಒಂದಕ್ಕೆ ಅಗಲ ತಲೆಯ ಮೊಳೆಗಳನ್ನು ಚುಚ್ಚಿ, ತಲೆಗಳು ಮುಚ್ಚಿಹೋಗುವಂತೆ ಇನ್ನೊಂದನ್ನು ಮೇಲಿಟ್ಟು, ಅಂಚಿನಲ್ಲಿ ಸುತ್ತಲೂ ಹೊಲಿಗೆ ಹಾಕುವುದು ಅವರ ಲೆಕ್ಕಾಚಾರ. ಹೊಲಿಯುವಾಗ ಕೈಗೆ ಚುಚ್ಚಬಾರದೆಂದು ಪ್ರತಿ ಮೊಳೆಯ ತುದಿಗೂ ಹಸಿ ಆಲೂಗೆಡ್ಡೆಯ ತುಂಡು ಸಿಕ್ಕಿಸಿದರು. ಆ ಆಲೂಗೆಡ್ಡೆ ಸಂಜೆಯ ಸಾರಿಗೆ ಹೋಯಿತೋ ಇಲ್ಲವೋ ನಾನು ಕೇಳಲಿಲ್ಲ. ಅಂದು ರಾತ್ರಿ ಅವರು ಊಟಕ್ಕೆ ಕರೆದಾಗ ಹೊಟ್ಟೆ ಸರಿಯಿಲ್ಲ ಎಂದೆ.

ತೊಂದರೆ ಬಂದದ್ದು ಮಷೀನಿನ ಪ್ಲೇಟಿನಿಂದ. ಸೂಜಿ ಇಳಿಯುವ ಜಾಗದಲ್ಲಿ ಹೊಳೆಯುವ ಒಂದು ಪ್ಲೇಟು ಇರುತ್ತದಲ್ಲ, ಅದರಲ್ಲಿ ಬಟ್ಟೆಯನ್ನು ನೂಕುವ ಹಲ್ಲುಗಳಿಗೆ ಸೀಳುಗಳು, ಅವುಗಳ ನಡುವೆ ಸೂಜಿಗೊಂದು ತೂತು. ಅತ್ತೆಯದು ರವಿಕೆಯ ಬಟ್ಟೆಗೆಂದು ಮಾಡಿದ ಸಣ್ಣ ತೂತು. ತೊಗಲಿಗೆ ಅವರು ಹಾಕಿದ್ದು ಹದಿನೆಂಟನೇ ನಂಬರಿನ ದಪ್ಪ ಸೂಜಿ. ಕಾಲಲ್ಲಿ ತುಳಿಯದೆ, ಪಕ್ಕದ ಚಕ್ರವನ್ನು ನಾನು ಕೈಯಿಂದ ಮೆಲ್ಲಗೆ ತಿರುಗಿಸುತ್ತಿದ್ದೆ. ಸೂಜಿ ತೊಗಲನ್ನೇನೋ ತೂರಿತು. ಕೆಳಗೆ ತೂತಿನ ಅಂಚಿಗೆ ತಾಗಿ ‘ಟಿಕ್’ ಎಂದು ಮುರಿಯಿತು. ಇನ್ನೊಂದು ಹಾಕಿದರು. ಟಿಕ್.

“ಮುರ್ದ ಸೂಜಿಗೊಂದು ಗೀಟು ಹಾಕು,” ಎಂದರು ಅತ್ತೆ. “ಸೂಜಿ ಕೊಟ್ಟೋನ ತಾವ ನ್ಯಾಯ ಕೇಳ್ಬೇಕು.”

ಆ ಪುಟದಲ್ಲಿ ಮಳೆಯ ಸೆಂಟು ಬರೆಯುವ ಜಾಗವೆಲ್ಲ ಗೀಟುಗಳಿಂದ ತುಂಬಿತು. ಅಷ್ಟರಲ್ಲಿ ಕಾಫಿ ಕುಡಿಯಲು ಬಂದ ಜೀಪಿನಣ್ಣ ನಿಂತು ನೋಡಿದ. ಜೀಪು ರಿಪೇರಿ ಮಾಡುವವನಿಗೆ ಮಷೀನು ಯಾವ ಲೆಕ್ಕ ಎಂಬುದು ಅವನ ನಂಬಿಕೆ.

“ಅಕ್ಕ, ಸೂಜಿ ಏನ್ ಮಾಡ್ತದೆ ಪಾಪ. ಬಾಗ್ಲು ಗಿಡ್ಡ ಇದ್ರೆ ಮದ್ವೆಗಂಡು ತಲೆ ಹೊಡ್ಕಳದೇಯ. ತೂತು ದೊಡ್ಡದು ಮಾಡಿದ್ರೆ ಆಯ್ತು.”

ಮಾತು ಸರಿಯಾಗಿಯೇ ಇತ್ತು. ಎಷ್ಟು ದೊಡ್ಡದು ಎಂದು ಯಾರೂ ಕೇಳಲಿಲ್ಲ, ಅಷ್ಟೇ. ಮನೆಯಿಂದ ದುಂಡನೆಯ ಅರ ತಂದು, ಪ್ಲೇಟನ್ನು ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಅವನು ಉಜ್ಜಲು ಕೂತ. ಉಜ್ಜುತ್ತ ಗುಂಡ್ಯ ಘಟ್ಟದಲ್ಲಿ ತಾನು ಬ್ರೇಕಿಲ್ಲದ ಜೀಪು ಇಳಿಸಿದ ಕಥೆ ಶುರು ಮಾಡಿದ. ಕಥೆ ಉದ್ದವಿತ್ತು. ಅದು ಮುಗಿಯುವಷ್ಟರಲ್ಲಿ ತೂತೂ ಆಗಿತ್ತು. ಪ್ಲೇಟನ್ನು ಮತ್ತೆ ಕೂರಿಸಿದಾಗ ಅತ್ತೆಯ ಸೆರಗಿಗೆ ಅಂಟಿಕೊಂಡಿದ್ದ ಒಂದು ಕಾಳುಮೆಣಸು ಉರುಳಿ ಬಂದು ಆ ತೂತಿನೊಳಗೆ ಇಳಿದು ಮಾಯವಾಯಿತು. ನಾವು ಮೂವರೂ ಸ್ವಲ್ಪ ಹೊತ್ತು ಅದು ಹೋದ ದಾರಿಯನ್ನೇ ನೋಡಿದೆವು.

“ಇರ್ಲಿ,” ಎಂದ ಜೀಪಿನಣ್ಣ. “ಗಾಳಿ ಆಡ್ಲಿ.”

ಆಮೇಲೆ ಸೂಜಿ ಮುರಿಯಲಿಲ್ಲ. ಆದರೆ ಸೂಜಿಯ ಸುತ್ತ ತೊಗಲಿಗೆ ಕೆಳಗಿನಿಂದ ಆಸರೆಯೇ ಇಲ್ಲದ್ದರಿಂದ ಅದೂ ಸೂಜಿಯ ಜೊತೆ ಗುಂಡಿಗೆ ಇಳಿಯುತ್ತಿತ್ತು, ಸೂಜಿ ಎದ್ದಾಗ ಜೊತೆಗೇ ಏಳುತ್ತಿತ್ತು. ದಾರಕ್ಕೆ ಕುಣಿಕೆ ಕಟ್ಟಿಕೊಳ್ಳಲು ಬಿಡುವೇ ಸಿಗುತ್ತಿರಲಿಲ್ಲ. ಮೇಲಿನಿಂದ ನೋಡಿದರೆ ಒಂದು ಹೊಲಿಗೆ ಇದ್ದರೆ ಎರಡು ಇಲ್ಲ. ತಿರುಗಿಸಿ ನೋಡಿದರೆ ಗೀಜಗನ ಗೂಡು. ಅತ್ತೆ ಕತ್ತರಿಯಿಂದ ಅದನ್ನೆಲ್ಲ ಬಿಡಿಸಿ, ಪಟ್ಟಿಯನ್ನು ಗೋಡೆಯ ಮೊಳೆಗೆ ತಗುಲಿಹಾಕಿದರು. ಆ ಸಂಜೆ ಮೇಸ್ತ್ರಿಯನ್ನು ಹುರಿಯಿಂದ ತಮ್ಮ ಮಂಚದ ಕಾಲಿಗೆ ಕಟ್ಟಿಕೊಂಡು ಮಲಗಿದರು. ಬೆಳಿಗ್ಗೆ ಮಂಚ ಬಾಗಿಲ ಹತ್ತಿರ ಇತ್ತಂತೆ.

ಪಟ್ಟಿ ಹಾಗೇ ನೇತಾಡುತ್ತ ಇನ್ನೂ ಎಷ್ಟು ದಿನ ಇರುತ್ತಿತ್ತೋ. ಆದರೆ ಅದೇ ಮಷೀನಿನ ಮೇಲೆ ಮಾರನೆಯ ದಿನ ಜೀಪಿನಣ್ಣನ ಹೆಂಡತಿಯ ರೇಷ್ಮೆ ರವಿಕೆ ಏರಿತು. ಆಲೂರಿನಲ್ಲಿ ಆಕೆಯ ತಮ್ಮನ ಮದುವೆ. ಇರುವುದೊಂದೇ ಪ್ಲೇಟು, ಅದರಲ್ಲಿ ಮೆಣಸು ನುಂಗುವ ತೂತು. ಸೂಜಿ ಮೊದಲ ಸಲ ಇಳಿಯುತ್ತಿದ್ದಂತೆ ರವಿಕೆಯ ಮೂಲೆಯನ್ನು ಜೊತೆಗೇ ಎಳೆದುಕೊಂಡು ಹೋಯಿತು. ಅತ್ತೆಯ ಕಾಲು ರೂಢಿಯ ಮೇಲೆ ಇನ್ನೆರಡು ತುಳಿತ ತುಳಿಯಿತು. ಮಷೀನು ಹಸು ಹುಲ್ಲು ಎಳೆಯುವ ಹಾಗೆ ಕಂಕುಳಿನವರೆಗೆ ಎಳೆದುಕೊಂಡು ನಿಂತಿತು.

ಜೀಪಿನಣ್ಣನ ಹೆಂಡತಿ ಅಲ್ಲೇ ನಿಂತಿದ್ದರು. ಕೂಗಲಿಲ್ಲ. “ತೂತು ಯಾರು ಮಾಡಿದ್ದು ಅತ್ತೆ?”

ಅತ್ತೆ ಕತ್ತರಿ ಹುಡುಕುವವರ ಹಾಗೆ ಬಗ್ಗಿದರು. ನಾನು ಡೈರಿ ನೋಡಿದೆ.

“ನಮ್ಮನೆ ಅರದಲ್ಲೇ ತಾನೆ?”

“ಹೂಂ ಕಣವ್ವ,” ಎಂದರು ಅತ್ತೆ, ಬಗ್ಗಿಕೊಂಡೇ.

ಮರುದಿನ ಬೆಳಿಗ್ಗೆ ನಾವು ಕರೆಯದೆಯೇ ಜೀಪು ಬಾಗಿಲಿಗೆ ಬಂದು ನಿಂತಿತ್ತು. “ಅಕ್ಕ, ಸಕಲೇಶಪುರಕ್ಕೆ ಹೋಗಿ ಪ್ಲೇಟ್ ತರನ ಬನ್ನಿ. ಎಷ್ಟ್ ಬೇಕಾದ್ರೂ ತರನ. ನಮ್ಮೋಳು ಹೇಳವ್ಳೆ.”

“ಏನಂದ್ಲು?”

“ಅದ್ ಬ್ಯಾಡ ಬುಡಿ.”

ಅತ್ತೆ ಹೊರಟಾಗ ಕಂಕುಳಲ್ಲಿ ಒಗ್ಗರಣೆ ಡಬ್ಬಿ ಇತ್ತು. ರಾತ್ರಿಯೆಲ್ಲ ಯೋಚನೆ ಮಾಡಿದ್ದರಂತೆ. ಮೆಣಸು ಹಾಯುವ ತೂತು ತೊಗಲನ್ನು ನುಂಗುತ್ತದೆ. ಮೊದಲಿದ್ದ ತೂತಿನಲ್ಲಿ ಗಸಗಸೆ ಮಾತ್ರ ಹಾಯುತ್ತಿತ್ತು, ಅದು ಸೂಜಿ ಮುರಿಯುತ್ತದೆ. ದಪ್ಪ ಸೂಜಿ, ಅದರ ಪಕ್ಕದಲ್ಲಿ ದಾರ, ಎರಡೂ ಸೇರಿದರೆ ಒಂದು ಸಾಸಿವೆ. ತೊಗಲಿಗೆ ಬೇಕಾದದ್ದು ಸಾಸಿವೆ ಹಾಯುವ ಪ್ಲೇಟು. ನನಗೂ ಇದು ಸರಿಯೆನ್ನಿಸಿತು. ಸರಿಯೆನ್ನಿಸಿದ್ದಕ್ಕೆ ಸ್ವಲ್ಪ ಗಾಬರಿಯೂ ಆಯಿತು.

ಮಷೀನಿನ ಬಿಡಿಭಾಗಗಳ ಅಂಗಡಿಯವರು ಪೇಪರ್ ಓದುತ್ತಿದ್ದರು. ತೊಗಲು ಹೊಲಿಯುವ ಪ್ಲೇಟು ಬೇಕು ಎಂದಾಗ ತಲೆ ಎತ್ತದೆ, “ಮನೆ ಮಷೀನಲ್ಲಿ ತೊಗಲು ಹೊಲಿಯೋಕಾಗಲ್ಲಮ್ಮ. ಏನು ಹೊಲೀಬೇಕಿತ್ತು?” ಎಂದರು.

“ನಮ್ ಮೇಸ್ತ್ರಿಗೆ ಕೊರಳ ಪಟ್ಟಿ. ಮೊಳೆ ಹೊಡ್ದಿದ್ದು.”

ಅಂಗಡಿಯವರು ಪೇಪರ್ ಕೆಳಗಿಟ್ಟರು.

“ನಾಯಿ ಸಾರ್,” ಎಂದ ಜೀಪಿನಣ್ಣ ಹಿಂದಿನಿಂದ.

ಅತ್ತೆ ಸ್ಕ್ರೂ ತೂತಿನ ಅಳತೆಗೆಂದು ತಂದಿದ್ದ ಹಳೆಯ ಪ್ಲೇಟನ್ನು ಮೇಜಿನ ಮೇಲಿಟ್ಟರು. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು, ತೂತಿನ ಮೂಲಕ ನಮ್ಮನ್ನೊಮ್ಮೆ ನೋಡಿದರು. “ಇದನ್ನ ಹಿಂಗೆ ಮಾಡಿದ ಪುಣ್ಯಾತ್ಮ ಯಾರು?” ಜೀಪಿನಣ್ಣ ರಸ್ತೆಯ ಕಡೆ ತಿರುಗಿ ಲಾರಿಗಳನ್ನು ನೋಡತೊಡಗಿದ.

ಹಳೆಯ ಬಿಸ್ಕತ್ತು ಡಬ್ಬದ ತುಂಬ ಪ್ಲೇಟುಗಳಿದ್ದವು. ಅವನ್ನು ಅವರು ಮೇಜಿನ ಮೇಲೆ ಸುರಿದರು. ಅತ್ತೆ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದರು.

“ಅಮ್ಮ, ಇದು ದಿನಸಿ ಅಂಗಡಿ ಅಲ್ಲ.”

“ಗೊತ್ತು ಕಣಪ್ಪ. ಅದಕ್ಕೇ ಮನೆಯಿಂದ ತಂದಿವ್ನಿ.”

ಒಂದೊಂದೇ ಪ್ಲೇಟನ್ನು ಎತ್ತಿ ಹಿಡಿದು ತೂತಿನ ಮೇಲೆ ಸಾಸಿವೆ ಇಟ್ಟು ನೋಡಿದರು. ಕೆಲವದರಲ್ಲಿ ಸಾಸಿವೆ ಕದಲಲಿಲ್ಲ. ಅವು ಬಟ್ಟೆಯ ಪ್ಲೇಟುಗಳು. ಅಡ್ಡಕ್ಕೆ ಉದ್ದ ಸೀಳಿದ್ದ ಒಂದರಲ್ಲಿ ಮೂರು ಸಾಸಿವೆ ಒಟ್ಟಿಗೆ ಬಿದ್ದವು. ಅದು ಸೂಜಿ ಅತ್ತಿತ್ತ ಓಡಾಡುವ ಮಷೀನಿನದು, ತೊಗಲಿಗೆ ಮೆಣಸಿನ ತೂತಿನಷ್ಟೇ ಕೆಟ್ಟದ್ದು.

“ಸಾಸಿವೆ ಎಲ್ಲ ಒಂದೇ ಸೈಜ್ ಇರುತ್ತಾ?” ಎಂದು ಅಂಗಡಿಯವರು ಆಕ್ಷೇಪಿಸಿದರು.

“ನಮ್ಮನೇದು ಇರ್ತೈತೆ. ಜರಡಿ ಹಿಡ್ದಿವ್ನಿ.”

ಕೊನೆಗೊಂದರ ಮೇಲೆ ಸಾಸಿವೆ ಕ್ಷಣ ಹೊತ್ತು ನಿಂತು, ಅತ್ತೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಜಾರಿ ಬಿತ್ತು. ಅವರು ಅದರ ತೂತಿನಲ್ಲಿ ದಾರ ಪೋಣಿಸಿ ಗರಗಸ ಎಳೆಯುವ ಹಾಗೆ ಹಿಂದೆ ಮುಂದೆ ಎಳೆದರು. ದಾರಕ್ಕೆ ಜುಂಗು ಬಂತು. “ಬಾಯಿ ಒರಟು. ಬ್ಯಾಡ,” ಎಂದು ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಅಂಗಡಿಯವರ ಕೈಯಲ್ಲೂ ಒಂದು ಪ್ಲೇಟು, ಒಂದು ಚಿಟಿಕೆ ಸಾಸಿವೆ ಇತ್ತು. ಜೀಪಿನಣ್ಣನಿಗೂ ಆಸೆಯಾಯಿತು. ಅವನಿಗೆ ಯಾರೂ ಕೊಡಲಿಲ್ಲ. ಡಬ್ಬದಲ್ಲಿದ್ದದ್ದೆಲ್ಲ ಮುಗಿದಾಗ ಅಂಗಡಿಯವರೇ, “ತಡೀರಿ, ಒಳಗೆ ಇನ್ನೊಂದು ಡಬ್ಬ ಐತೆ,” ಎಂದು ಎದ್ದು ಹೋದರು. ಸರಿಯಾದ ಪ್ಲೇಟು ಸಿಕ್ಕಿದ್ದು ಆ ಡಬ್ಬದಲ್ಲಿ. ಸಾಸಿವೆ ನಿಂತು, ತಟ್ಟಿದರೆ ಜಾರಿತು. ದಾರ ನುಣ್ಣಗೆ ಆಡಿತು. ಬಟ್ಟೆಗೆಂದು ಗಸಗಸೆಯದನ್ನೂ ಒಂದು ತೆಗೆದುಕೊಂಡೆವು. ನಾವು ಹೊರಡುವಾಗ ಆ ಅಂಗಡಿಯ ನೆಲದ ಮೇಲೆ ಒಂದು ಸಾರಿಗೆ ಆಗುವಷ್ಟು ಒಗ್ಗರಣೆ ಬಿದ್ದಿತ್ತು.

ಅಂದೇ ಮಧ್ಯಾಹ್ನ ಹೊಲಿಯಲು ಕೂತೆವು. ಹಲ್ಲುಗಳು ತೊಗಲನ್ನು ಕಚ್ಚಿ ಗುರುತು ಮಾಡಬಾರದೆಂದು ಅತ್ತೆ ಅದರ ಕೆಳಗೆ ಹಳೆಯ ಕ್ಯಾಲೆಂಡರಿನ ಹಾಳೆ ಕೊಟ್ಟರು. ನಾನು ಚಕ್ರ ತಿರುಗಿಸಿದೆ. ಸೂಜಿ ತೊಗಲಿಗೆ ಇಳಿಯಿತು, ತೂತಿಗೆ ಇಳಿಯಿತು, ಎದ್ದಿತು. ತೊಗಲು ಇದ್ದಲ್ಲೇ ಇತ್ತು. ನಾಲ್ಕು ಹೊಲಿಗೆಯಾಗುತ್ತಲೇ ಅತ್ತೆ ನಿಲ್ಲಿಸಿ, ಅಡಿಭಾಗವನ್ನು ತಿರುಗಿಸಿ ಬೆರಳಾಡಿಸಿದರು. ಗೂಡಿಲ್ಲ, ಗಂಟಿಲ್ಲ. ಅವರು ತಲೆಯನ್ನು ಒಂದಿಷ್ಟು ಓರೆ ಮಾಡಿದರು, ಅಷ್ಟೆ. ಹೊಲಿಗೆ ಮುಗಿದ ಮೇಲೆ ಕಾಗದ ಹರಿದು ತೆಗೆದೆವು. ಒಂದು ಚೂರು ಹೊಲಿಗೆಯ ಕೆಳಗೆ ಉಳಿದುಕೊಂಡಿತು. ಅದರಲ್ಲಿ ‘ಏಕಾದಶಿ’ ಎಂದಿತ್ತು. ಮೇಸ್ತ್ರಿ ಮುಂದೆ ಎಷ್ಟೋ ಭಾನುವಾರ ಕೋಳಿ ಮೂಳೆ ಕಡಿದದ್ದು ಕೊರಳಲ್ಲಿ ಏಕಾದಶಿ ಕಟ್ಟಿಕೊಂಡೇ.

ಪಟ್ಟಿ ಕಟ್ಟಿಸಿಕೊಳ್ಳಲು ಅವನು ಒಪ್ಪುತ್ತಿರಲಿಲ್ಲ. ದಿನಾ ಸಂಜೆ ಅತ್ತೆ ಅವನನ್ನು ಮನೆಯ ಸುತ್ತ ಅಟ್ಟಿಸಿಕೊಂಡು ಓಡುತ್ತಿದ್ದರು. “ನಿಂತ್ಕಳೋ ಅಯೋಗ್ಯ, ಮದ್ವೆ ಮಾಡ್ತಿಲ್ಲ ನಿಂಗೆ,” ಎಂದು ಬೈಯುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಕಟ್ಟಿದ ಮೇಲೆ ಕಷ್ಟ ನಮ್ಮದು. ಪ್ರೀತಿಯಿಂದ ಮೈ ಉಜ್ಜಲು ಬಂದರೆ ನಾವು ಓಡುತ್ತಿದ್ದೆವು. ಜೀಪಿನ ಮುಂದಿನ ಸೀಟಿನಲ್ಲಿ ಕೂರುವುದು ಅವನಿಗೆ ಬಹಳ ಇಷ್ಟ. ಒಂದು ಸಂಜೆ ಹಾಗೆ ಕೂತು ಎದ್ದದ್ದರಿಂದ ಸೀಟಿನ ರೆಕ್ಸಿನ್ ಬಾಗಿಲಿನಿಂದ ಗೇರಿನವರೆಗೆ ಸೀಳಿಹೋಯಿತು. ಜೀಪಿನಣ್ಣ ಬಂದು ತೋರಿಸಿದಾಗ ಅತ್ತೆ, “ಗಾಳಿ ಆಡ್ಲಿ ಬುಡು,” ಎಂದರು.

ಮುಂಗಾರು ಹಿಡಿದ ಹೊಸದರಲ್ಲಿ ಒಂದು ಬೆಳಿಗ್ಗೆ ಅತ್ತೆ ನಮ್ಮ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ದನಿ ಸಣ್ಣದಾಗಿತ್ತು. ಜಗಲಿಯ ಕೆಳಗೆ ಕೆಸರಿನಲ್ಲಿ ಅಂಗೈಯಗಲದ ಹೆಜ್ಜೆಗಳು, ಎಳೆದಾಡಿದ ಗುರುತು, ಒಂದೆರಡು ಕಡೆ ರಕ್ತ. ಮೇಸ್ತ್ರಿ ಮಷೀನಿನ ಅಡಿ ನಡುಗುತ್ತ ಕೂತಿದ್ದ. ಒಂದು ಕಿವಿ ಹರಿದಿತ್ತು, ಬೇರೇನೂ ಆಗಿರಲಿಲ್ಲ. ಅತ್ತೆ ನೆಲದ ಮೇಲೆ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿಯ ಸುತ್ತ ಬೆರಳಾಡಿಸಿದರು. ಎರಡು ಮೊಳೆ ಬಾಗಿದ್ದವು. ತೊಗಲಿನಲ್ಲಿ ಒಂದು ಹಲ್ಲು ಇಳಿದ ಗುಳಿಯಿತ್ತು. ಅತ್ತೆಯ ಬೆರಳು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬಂತು. ಇನ್ನೊಂದು ಸುತ್ತು ಹೋಯಿತು.

“ಒಂದು ಹೊಲಿಗೆ ಬುಟ್ಟಿಲ್ಲ ಕಣೆ,” ಎಂದರು. ಆಮೇಲೆ ಅಳತೊಡಗಿದರು.

ಆ ಮಳೆಗಾಲ ಅವರಿಗೆ ರವಿಕೆ ಹೊಲಿಯಲು ಪುರುಸೊತ್ತಾಗಲಿಲ್ಲ. ಬಿಸಿಲೆ ಕಡೆಯಿಂದೆಲ್ಲ ನಾಯಿಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಅಳತೆ ಕೊಡಲು ಬರುತ್ತಿದ್ದರು. ರವಿಕೆಗೂ ಪಟ್ಟಿಗೂ ಒಂದೇ ಟೇಪು ಹಿಡಿಯುತ್ತಾರೆಂದು ಲೈನಿನ ಹೆಂಗಸರು ತಕರಾರು ತೆಗೆದ ಮೇಲೆ ಅತ್ತೆ ಇನ್ನೊಂದು ಟೇಪು ತಂದರು. ಎರಡರಲ್ಲಿ ಯಾವುದು ಯಾವುದೆಂದು ಅವರಿಗೇ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಆಮೇಲೆ ನನಗೆ ಹಾಸನದಲ್ಲಿ ಕೆಲಸ ಸಿಕ್ಕಿತು. ಶನಿವಾರ ಊರಿಗೆ ಹೋದರೆ ಮೊದಲು ಅವರ ಮನೆಯ ಸ್ಟೂಲು, ಆಮೇಲೆ ನಮ್ಮ ಮನೆ. ಮೇಸ್ತ್ರಿಯ ಮೂತಿ ಬೆಳ್ಳಗಾಯಿತು, ಕಣ್ಣು ಮಸುಕಾಯಿತು. ಒಂದು ಮಧ್ಯಾಹ್ನ ಅತ್ತೆ ಹೊಲಿಯುತ್ತಿದ್ದಾಗಲೇ ಅವರ ಪಾದಕ್ಕೆ ಒರಗಿಕೊಂಡು ಮಲಗಿದವನು ಏಳಲಿಲ್ಲ. ನಮ್ಮ ಏರಿನಲ್ಲಿ ಹಾಗೆ ಸತ್ತ ಇನ್ನೊಂದು ನಾಯಿಯನ್ನು ನಾನು ಕಂಡಿಲ್ಲ. “ನಮ್ ಮೇಸ್ತ್ರಿ ಮುಪ್ಪಾಗಿ ಹೋದ,” ಎಂದು ಅತ್ತೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು, ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಎನ್ನುವಷ್ಟು ಹೆಮ್ಮೆಯಿಂದ. ಹೇಳಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಮುಂದಿನ ವರ್ಷ ಅವರೂ ಹೋದರು. ಎರಡು ದಿನದ ಜ್ವರ... ನನಗೆ ಸುದ್ದಿ ತಲುಪಿ ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಷೀನನ್ನು ಅವರ ತಂಗಿಯ ಮಕ್ಕಳು ತೆಗೆದುಕೊಂಡು ಹೋದರು. ಆ ದಿನದ ಪುಟದಲ್ಲಿ ಮಳೆ ಎಷ್ಟು ಬಂತೆಂದು ಬರೆದಿದ್ದೇನೆ, ಬೇರೇನೂ ಇಲ್ಲ.

ಬ್ಯಾಗಿನವನು ಹೊಲಿಗೆ ಮುಗಿಸಿ ದಾರ ಕತ್ತರಿಸಿದ. ಅವನು ತೆಗೆದಿಟ್ಟ ಪ್ಲೇಟನ್ನು ಕೈಗೆತ್ತಿಕೊಂಡು, “ಇದು ಬಟ್ಟೆಯದಲ್ವಾ? ಇದರಲ್ಲಿ ಹೊಲಿದರೆ ಸೂಜಿ ಮುರಿಯುತ್ತಿತ್ತು,” ಎಂದೆ.

ಅವನು ನಕ್ಕ. “ಯಾರು ಹೇಳ್ಕೊಟ್ಟಿದ್ದು ಮೇಡಂ ನಿಮಗೆ?”

“ನಮ್ಮ ಪಕ್ಕದ ಮನೆ ಅತ್ತೆ. ವನಗೂರಲ್ಲಿದ್ದಾರೆ. ಮನೆ ಮಷೀನಲ್ಲೇ ತೊಗಲು ಹೊಲಿಯುತ್ತಾರೆ.”

“ಹೌದಾ? ಒಂದ್ಸಲ ಕರ್ಕೊಂಡ್ಬನ್ನಿ ಅವ್ರನ್ನ. ನಮ್ ಮಷೀನ್ ತೋರ್ಸನ.”

ಆಯ್ತು, ಹೇಳ್ತೀನಿ ಅಂದೆ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದೆ.